ಮಾಂಬಳ್ಳಿಗೆ ಕೊಟ್ಟ ಇಂಜಿನ್

ಸೊನ್ನೆ ದಶಾಂಶ ಮೂರು ಮಿಲಿಮೀಟರ್. ಕಾಲೇಜಿನ ಪ್ರಯೋಗಾಲಯದ ಸ್ಕ್ರೂಗೇಜಿನಲ್ಲಿ ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ ಬಂತು. ಅಳೆದದ್ದು ಒಂದು ಮದುವೆ ಕರೆಯೋಲೆಯ ತುಂಡನ್ನು. ಎರಡು ಬೆರಳಿನಷ್ಟು ಅಗಲ, ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ಒಂದು ತುದಿಯಲ್ಲಿ ಅರ್ಧ ಗಣಪತಿ, ಇನ್ನೊಂದು ತುದಿಯಲ್ಲಿ ಗ್ರೀಸಿನ ಹೆಬ್ಬೆರಳ ಗುರುತು.

ಆ ತುಂಡು ಕೊಳ್ಳೇಗಾಲದ ಹನೂರು ರಸ್ತೆಯಲ್ಲಿ ಗುಜರಿ ಅಂಗಡಿ ಇಟ್ಟಿದ್ದವರೊಬ್ಬರ ಅಂಗಿ ಜೇಬಿನಿಂದ ಬಂದದ್ದು. ಇಂಜಿನ್ನಿನ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ಪುಟ್ಟ ಕಬ್ಬಿಣದ ತೋಳಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಬಿಸಿಯಾದಾಗ ಲೋಹ ಉಬ್ಬುತ್ತದೆ. ಜಾಗವಿಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಇಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಆ ಜಾಗವನ್ನು ಅಳೆಯಲು ಉಕ್ಕಿನ ತೆಳು ಪಟ್ಟಿಗಳು ಸಿಗುತ್ತವೆ. ಅವರ ಬಳಿಯೂ ಒಂದು ಕಟ್ಟು ಇತ್ತು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡು. ಅವರು ನಂಬಿದ್ದು ಮದುವೆ ಕಾರ್ಡನ್ನು. ಯಾರಾದರೂ ಮದುವೆಗೆ ಕರೆಯಲು ಬಂದರೆ ಹುಡುಗ ಯಾರು, ಹುಡುಗಿ ಎಲ್ಲಿಯವಳು ಎಂದು ಕೇಳುವ ಮೊದಲು ಕಾರ್ಡನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಿದ್ದರು.

"ಈ ಮದ್ವೆ ಪೆಟ್ರೋಲಿಗೆ ಆಯ್ತದೆ, ಡೀಸೆಲಿಗೆ ಸಾಲ್ದು," ಎಂದು ಒಮ್ಮೆ ಹುಡುಗಿಯ ತಂದೆಯ ಎದುರೇ ಹೇಳಿದರು. ಆತ ತಬ್ಬಿಬ್ಬಾಗಿ, ಇನ್ನೊಂದು ದಿನ ದಪ್ಪ ಕಾರ್ಡು ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ಹೋದ.

ಅವರ ಹೆಸರು ಬರೆಯುತ್ತಿಲ್ಲ. ಬರೆಯುವ ಮೊದಲು ಅವರ ಹೆಂಡತಿಯನ್ನು ಕೇಳಿದೆ. "ಎಲ್ಲಾ ಬರಿ ಕೂಸು, ಹೆಸ್ರ ಮಾತ್ರ ಬುಡು," ಎಂದರು. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ. ನೆಂಟರಲ್ಲ, ನಮ್ಮ ಹಿಂದಿನ ಬೀದಿಯವರು.

ಹನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ವರ್ಷ ಓಡಾಟಕ್ಕೆಂದು ಒಂದು ಹಳೆಯ ಸಣ್ಣ ಕಾರು ಕೊಂಡಿದ್ದೆ. ತಿಂಗಳೊಳಗೆ ಬಲಗಡೆಯ ಕನ್ನಡಿ ಒಡೆಯಿತು. ಹೊಸದರ ಬೆಲೆ ಕೇಳಿ ಗುಜರಿಗೆ ಹೋದೆ. ಅವರು ಕನ್ನಡಿಯ ಕಡೆ ನೋಡಲೇ ಇಲ್ಲ. ಓಡುತ್ತಿದ್ದ ಇಂಜಿನ್ನಿನ ಕಡೆ ತಲೆ ವಾಲಿಸಿ ನಿಂತರು.

"ಎಷ್ಟು ಸಿಲಿಂಡರಮ್ಮಿ ಇದು?"

"ಗೊತ್ತಿಲ್ಲ."

"ಏನ್ ಓದಿದ್ದೀಯೆ?"

"ಎಂಎಸ್ಸಿ. ಭೌತಶಾಸ್ತ್ರ."

"ಅಂಗಂದ್ರೆ?"

"ಫಿಸಿಕ್ಸು."

"ಸರಿ ಬುಡು. ದಿನಾ ಇದ್ರಲ್ಲಿ ಕೂತ್ಕಂಡು ಹನೂರಿಗೆ ಓಯ್ತೀಯೆ, ಒಳಗೆ ಎಷ್ಟು ಜನ ಗೇಯ್ತಾವ್ರೆ ಅಂತ ಒಂದಿನಾನೂ ಇಚಾರಿಸ್ನಿಲ್ಲ. ಮೂರು ಜನ ಕಣಮ್ಮಿ. ಕೈ ಮಡಗು ಇಲ್ಲಿ. ವಸಿ ಕುಂಟ್ತದೆ, ಗೊತ್ತಾಯ್ತಾ?"

ಬಾನೆಟ್ಟಿನ ಮೇಲೆ ಕೈಯಿಟ್ಟೆ. ನಿಜವಾಗಿಯೂ ಕುಂಟುತ್ತಿತ್ತು. ಮೂರು ಸಿಲಿಂಡರ್ ಎಂದರೆ ಕಡಿಮೆ ದರ್ಜೆಯದೇ ಎಂದು ಕೇಳಿದೆ.

"ಒಲೆಗೆ ಎಷ್ಟು ಕಲ್ಲು? ಮೂರು ತಾನೆ? ನಾಕನೇದು ಮಡಗುದ್ರೆ ಪಾತ್ರೆ ಅಲ್ಲಾಡ್ತದೆ. ಬಡವ್ರ ಮನೆ ಅಡುಗೆಗೆ ಮೂರು ಸಾಕು."

ಆಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗತೊಡಗಿದೆ. ಕಾರಣ ಹೇಳಬೇಕೆಂದರೆ, ಕೊಳ್ಳೇಗಾಲದಲ್ಲಿ ನನ್ನ ಮದುವೆಯ ವಿಷಯ ಎತ್ತದ ಜಾಗ ಅದೊಂದೇ ಆಗಿತ್ತು. ಅವರು ಎತ್ತಿದ್ದು ಒಂದೇ ಸಲ, ಅದೂ ಕಾರ್ಡು ಮಾಡಿಸುವಾಗ ದಪ್ಪಗಿರಲಿ ಎಂದು ಹೇಳಲು.

ಗುಜರಿಯ ಎದುರಿಗೆ ಒಂದು ಟೀ ಅಂಗಡಿ. ಅಲ್ಲಿ ಸೇರುವವರಿಗೆಲ್ಲ ಒಂದೊಂದು ಮೆಚ್ಚಿನ ಇಂಜಿನ್ ಇತ್ತು, ಮನೆದೇವರು ಇದ್ದ ಹಾಗೆ. ಬಸ್ಸು ಓಡಿಸಿ ನಿವೃತ್ತರಾದ ಹಿರಿಯರೊಬ್ಬರಿಗೆ ಆರು ಸಿಲಿಂಡರಿಗಿಂತ ಕಡಿಮೆಯದು ಇಂಜಿನ್ನೇ ಅಲ್ಲ. ಟ್ಯಾಕ್ಸಿ ಓಡಿಸುವ ಮಾದೇವ ಪೆಟ್ರೋಲಿನವನು. ನಾಲ್ಕು ಸಿಲಿಂಡರಿನ ನುಣುಪಾದ ಪೆಟ್ರೋಲ್ ಇಂಜಿನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟರೂ ತುಳುಕದು ಎಂದು ಆತನ ವಾದ. ದೊಡ್ಡಪ್ಪ ಡೀಸೆಲಿನವರು. ಅದರಲ್ಲೂ ಹಳೆಯ ಕಾಲದ, ನಿಧಾನವಾಗಿ ತಿರುಗುವ, ಭಾರದ ಚಕ್ರದ, ಒಳಗೆ ಒಂದೇ ಒಂದು ಕಂಪ್ಯೂಟರ್ ತಂತಿಯೂ ಇಲ್ಲದ ಡೀಸೆಲ್.

"ಪೆಟ್ರೋಲು ನೆಂಟ ಕಣ್ಲಾ ಮಾದೇವ. ಚೆಂದಾಗಿ ಮಾತಾಡ್ತಾನೆ, ಜಾಸ್ತಿ ಉಣ್ತಾನೆ, ಕೆಲ್ಸ ಅಂದೇಟ್ಗೆ ಎದ್ದೋಯ್ತಾನೆ. ಡೀಸೆಲು ಮನೆ ಎತ್ತು. ಎಬ್ಬಿಸ್ವಾಗ ಗೊಣಗ್ತದೆ. ಎದ್ದ ಮ್ಯಾಲೆ ಹೊತ್ತು ಮುಳುಗಾಗಂಟ ನಿಲ್ಲಕಿಲ್ಲ."

"ನಿಮ್ಮೆತ್ತು ಕೆಮ್ಮೋದು ಯಳಂದೂರ್ಗಂಟ ಕೇಳ್ತದೆ, ಸುಮ್ಕಿರಿ."

"ಕೇಳ್ಲಿ. ಬತ್ತಾವ್ನೆ ಅಂತ ಜನಕ್ಕೆ ಗೊತ್ತಾಗ್ಲಿ. ನಿನ್ ಪೆಟ್ರೋಲು ಬರೋದು ಕಳ್ಳ ಬಂದಂಗೆ."

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡವೇಕೆ ಎಂದು ಒಮ್ಮೆ ನನ್ನನ್ನೇ ಕೇಳಿದರು. ಅವರಿಗೆ ಗೊತ್ತಿರಲಿಲ್ಲ ಎಂದಲ್ಲ, ನನಗೆ ಗೊತ್ತಿದೆಯೇ ಎಂದು ನೋಡಲು. ಒಂದು ರಟ್ಟಿನ ಮೇಲೆ ಸಿಲಿಂಡರಿನ ಚಿತ್ರ ಬರೆದು, ಗಾಳಿಯನ್ನು ಥಟ್ಟನೆ ಒತ್ತಿದಾಗ ಅದರ ಉಷ್ಣತೆ ಹೇಗೆ ಏರುತ್ತದೆ ಎಂದು ಸಮೀಕರಣ ಸಮೇತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಒತ್ತುದ್ರೆ ಬಿಸಿ ಆಯ್ತದೆ. ಇಷ್ಟು ಹೇಳಕ್ಕೆ ಎರಡು ವರ್ಸ ಓದ್ದಾ?"

ಆ ರಟ್ಟನ್ನು ಮಾತ್ರ ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಅವರು ಹಟಮಾರಿಯೆಂದು ಊರು ತಿಳಿದಿತ್ತು. ನನಗೆ ಹಾಗೆ ಕಂಡಿಲ್ಲ. ಬ್ಯಾಟರಿ ಕಾರುಗಳನ್ನು "ಚಕ್ರ ಕಟ್ಟಿದ ಫ್ಯಾನು" ಎಂದು ಆಡಿಕೊಳ್ಳುತ್ತಿದ್ದರು. ಯಾರೋ ಅಂಥದೊಂದು ತಂದು ಹತ್ತಿಸಿಕೊಂಡು ಮುಡಿಗುಂಡದವರೆಗೆ ಹೋಗಿ ಬಂದರು. ಇಳಿದು, ಟೀ ಅಂಗಡಿಯವರೆಲ್ಲ ಕಾಯುತ್ತಿರುವಾಗ, ಸುಮ್ಮನೆ ಬೀಡಿ ಹಚ್ಚಿದರು. ಕೊನೆಗೆ, "ಚೆನ್ನಾಗದೆ. ಸುಳ್ಳು ಯಾಕೆ ಹೇಳ್ಲಿ, ಬಾರಿ ಚೆನ್ನಾಗದೆ. ಆದ್ರೆ ಅದು ಯಾರ್ನೂ ಮಾತಾಡ್ಸಕಿಲ್ಲ," ಎಂದರು.

ಗುಜರಿ ಎಂದರೆ ಒಡೆಯುವ ಕೆಲಸ. ಬಾಗಿಲು, ಸೀಟು, ದೀಪ, ಚಕ್ರ ಬೇರೆಬೇರೆಯಾಗಿ ಮಾರಿ, ಉಳಿದ ಕಬ್ಬಿಣವನ್ನು ಕರಗಿಸುವ ಕುಲುಮೆಗೆ ಕಳಿಸುತ್ತಾರೆ. ಅವರೂ ಹಾಗೇ ಮಾಡುತ್ತಿದ್ದರು, ಒಂದನ್ನು ಬಿಟ್ಟು. ಇನ್ನೂ ಓಡಬಲ್ಲ ಇಂಜಿನ್ನನ್ನು ಅವರು ಕುಲುಮೆಗೆ ಕಳಿಸುತ್ತಿರಲಿಲ್ಲ. ಬಿಚ್ಚಿ, ತೊಳೆದು, ಟಾರ್ಪಾಲು ಹೊದಿಸಿ ಇಟ್ಟು, ಅದಕ್ಕೊಂದು ನೆಲೆ ಹುಡುಕುತ್ತಿದ್ದರು. ಹನೂರಿನ ಹಿಟ್ಟಿನ ಗಿರಣಿಗೆ ಒಂದು, ಕಾವೇರಿ ದಡದ ತೋಟವೊಂದರಲ್ಲಿ ನೀರೆತ್ತಲು ಒಂದು, ಯಳಂದೂರಿನ ಶಾಮಿಯಾನದವರ ಜನರೇಟರಿಗೆ ಒಂದು. ಮಾರಿದೆ ಎನ್ನುತ್ತಿರಲಿಲ್ಲ, ಕೊಟ್ಟೆ ಎನ್ನುತ್ತಿದ್ದರು. ಕೊಡುವ ಮೊದಲು ಹೋಗಿ ಜಾಗ ನೋಡಿ ಬರುತ್ತಿದ್ದರು. ಬಯಲಲ್ಲಿ ಮಳೆಗೆ ನಿಲ್ಲಿಸುತ್ತೇನೆಂದವನಿಗೆ, "ಸೂರಿಲ್ದಿರೋ ಮನೆಗೆ ಕೊಡಕಿಲ್ಲ," ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದಿದ್ದರು.

ಅವರಿಗೆ ಹೆಣ್ಣುಮಕ್ಕಳಿಲ್ಲದ್ದಕ್ಕೆ ಹೀಗೆ ಎಂದು ಕೆಲವರು ವ್ಯಾಖ್ಯಾನ ಮಾಡುತ್ತಿದ್ದರು. ಅದು ತಪ್ಪು. ಮಗಳೊಬ್ಬಳಿದ್ದಳು, ಸಂತೇಮರಹಳ್ಳಿಯಲ್ಲಿ ಮದುವೆಯಾಗಿ ಸುಖವಾಗಿದ್ದಳು. ಗೌರಿ ಹಬ್ಬಕ್ಕೆ ಅವಳಿಗೆ ಬಾಗಿನ ಕೊಡಲು ಹೊರಟಾಗ ಅದೇ ಚೀಲದಲ್ಲಿ ಇಂಜಿನ್ ಆಯಿಲಿನ ಡಬ್ಬಗಳೂ ಇರುತ್ತಿದ್ದವು. ಆ ದಾರಿಯಲ್ಲಿ ತಾವು ಕೊಟ್ಟ ಇಂಜಿನ್‌ಗಳನ್ನೆಲ್ಲ ಕಂಡು, ಹಳೆಯ ಎಣ್ಣೆ ಬಸಿದು ಹೊಸದು ಹಾಕಿ, ವಾಲ್ವುಗಳ ಅಂತರ ನೋಡಿ, ಕೈಯ ಹಿಂಬದಿಯಿಂದ ಮುಟ್ಟಿ, ಮಕ್ಕಳ ಜ್ವರ ನೋಡುವ ಹಾಗೆ, ಮುಂದಕ್ಕೆ ಹೋಗುತ್ತಿದ್ದರು. ಕೊನೆಯಲ್ಲಿ ಮಗಳ ಮನೆ. "ಅಪ್ಪ ತಂದ ಸೀರೆ ಮೂರು ಸಲ ಒಗೆದ್ರೂ ಡೀಸೆಲ್ ವಾಸ್ನೆ ಓಗಕಿಲ್ಲ," ಎಂದು ಮಗಳ ದೂರು. ಅವರ ಹೆಂಡತಿಯ ದೂರು ಬೇರೆ: "ನನ್ನ ತವ್ರಿಂದ ಬಾಗಿನ ಬಂದು ಹತ್ತು ವರ್ಸಾಯ್ತು. ಈವಯ್ಯನ ಇಂಜಿನ್‌ಗೆ ಒಂದ್ವರ್ಸನೂ ತಪ್ಪಕಿಲ್ಲ."

ಇಂಜಿನ್ನನ್ನು ಬೈದವರನ್ನು ಅವರು ಸಹಿಸುತ್ತಿರಲಿಲ್ಲ. ಹನೂರಿನ ಗಿರಣಿಯ ಮಾಲೀಕ ಒಮ್ಮೆ ಫೋನು ಮಾಡಿ, "ನಿಮ್ ಇಂಜಿನ್ ಕೈ ಕೊಡ್ತು ಸಾ," ಎಂದ. ಮಧ್ಯಾಹ್ನದ ಊಟ ಬಿಟ್ಟು ಬಸ್ಸು ಹತ್ತಿದರು. ಆ ದಿನ ನನ್ನ ತರಗತಿ ಮುಗಿದಿತ್ತು, ನಾನೂ ಗಿರಣಿಗೆ ಹೋದೆ. ಟ್ಯಾಂಕಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ಮೂಸಿದರು. ಅರ್ಧಕ್ಕರ್ಧ ಸೀಮೆಎಣ್ಣೆ.

"ಯಾರಪ್ಪ ಕುಡಿಸಿದ್ದು ಇದ?"

ಮಾಲೀಕ ನೆಲ ನೋಡಿದ.

"ಕೈ ಕೊಟ್ಟಿದ್ದು ಯಾರು ಇವಾಗ? ಇಂಜಿನ್‌ಗೆ ತಪ್ಪು ಮಾಡಕ್ಕೆ ಬರಕಿಲ್ಲ ಕಣಪ್ಪ. ಅದೇನಿದ್ರೂ ಮನುಸ್ರಿಗೆ. ಹೇಳು, ಅದ್ರ ಮುಂದೆ ನಿಂತ್ಕಂಡು ಹೇಳು."

ಐವತ್ತು ವರ್ಷದ ಆ ಮನುಷ್ಯ, ರಾಗಿ ಬೀಸಿಸಲು ಬಂದ ಹೆಂಗಸರೆಲ್ಲ ನೋಡುತ್ತಿರುವಾಗ, ಇಂಜಿನ್ನಿನ ಮುಂದೆ ನಿಂತು ತಪ್ಪಾಯಿತು ಎಂದ. ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ದೊಡ್ಡಪ್ಪ ನಗಲಿಲ್ಲ.

ಇಷ್ಟೆಲ್ಲದರಲ್ಲಿ ಅವರಿಗೆ ತೀರ ಪ್ರೀತಿಯದು ಮಾಂಬಳ್ಳಿಯ ಆಲೆಮನೆಗೆ ಕೊಟ್ಟ ಇಂಜಿನ್. ಗುಜರಿ ಇಡುವ ಮೊದಲು ಅವರು ಹದಿನೆಂಟು ವರ್ಷ ಟ್ಯಾಕ್ಸಿ ಓಡಿಸಿದ್ದರು. ಮಾದಪ್ಪನ ಬೆಟ್ಟಕ್ಕೆ ಭಕ್ತರನ್ನು ಹೊತ್ತು ಅಷ್ಟೂ ತಿರುವುಗಳನ್ನು ಹತ್ತಿದ್ದು ಅದೇ ಇಂಜಿನ್, ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್. ಕಾರಿನ ಮೈ ತುಕ್ಕು ತಿಂದು ಹೋದಾಗ ಇಂಜಿನ್ ಇನ್ನೂ ಗಟ್ಟಿಯಾಗಿತ್ತು. ಆಲೆಮನೆಯ ಚಿಕ್ಕತಾಯಮ್ಮ ಆಗ ತಾನೇ ಗಂಡನನ್ನು ಕಳೆದುಕೊಂಡು, ಕಬ್ಬರೆಯುವ ಗಾಣವನ್ನು ತಾವೇ ನಡೆಸಲು ನಿಂತಿದ್ದರು. ಅವರಿಗೆ ಕೊಟ್ಟರು. ಚಿಕ್ಕತಾಯಮ್ಮ ಅಂದಿನಿಂದ ಇವರನ್ನು ಅಣ್ಣಯ್ಯ ಎಂದು ಕರೆದರು. ವರ್ಷದ ಮೊದಲ ಕೊಪ್ಪರಿಗೆಯ ಬೆಲ್ಲ ಕೊಳ್ಳೇಗಾಲಕ್ಕೆ ತಪ್ಪದೆ ಬರುತ್ತಿತ್ತು.

ಭಾನುವಾರಗಳಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಅವರು ವಾಲ್ವಿನ ಅಂತರ ಹೊಂದಿಸುವ ತಿರುಪನ್ನು ತಿರುಗಿಸುತ್ತಾ ಹೋಗುವಾಗ ನಾನು ಕಾರ್ಡಿನ ತುಂಡನ್ನು ಆ ಸಂದಿಯಲ್ಲಿ ಹಿಂದೆಮುಂದೆ ಎಳೆಯಬೇಕು.

"ಎಳಿತದಾ?"

"ಸಡಿಲ."

"ಇವಾಗ?"

"ಸ್ವಲ್ಪ ಹಿಡಿಯುತ್ತೆ."

"ಬೆಣ್ಣೆಲಿ ಚಾಕು ಎಳೆದಂಗಾ, ಅಲ್ಸಿನ ಹಣ್ಣಲ್ಲಿ ಎಳೆದಂಗಾ?"

"ಬೆಣ್ಣೆ."

"ಸರಿ." ತಿರುಪು ಅಲುಗದಂತೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಅದರ ಸುತ್ತಲಿನ ನಟ್ಟನ್ನು ಬಿಗಿ ಮಾಡುತ್ತಿದ್ದರು. ಬಿಗಿ ಮಾಡುವಾಗಲೇ ತಿರುಪು ಕೂದಲಷ್ಟು ತಿರುಗಿಬಿಡುವುದುಂಟು. ಅದಕ್ಕೇ ನಟ್ಟು ಬಿಗಿದ ಮೇಲೆ ನಾನು ಇನ್ನೊಮ್ಮೆ ಕಾರ್ಡು ಹಾಕಿ ನೋಡಬೇಕು. ಈ ಎರಡನೆಯ ಸಲದ ನೋಟ ನನ್ನ ಜವಾಬ್ದಾರಿ. ಅವರು ಎಂದೂ ಅದನ್ನು ಕೇಳಿ ಮಾಡಿಸಿಕೊಳ್ಳಲಿಲ್ಲ, ನಾನು ಎಂದೂ ಬಿಟ್ಟಿರಲಿಲ್ಲ.

ಕಳೆದ ವರ್ಷ ಬೇಸಿಗೆಯಿಂದ ಅವರು ಟೀ ಅಂಗಡಿಯಲ್ಲಿ ಅರ್ಧ ಲೋಟ ಟೀ ಕೇಳತೊಡಗಿದರು. ಸಕ್ಕರೆ ಕಾಯಿಲೆ ಇರಬೇಕು ಎಂದು ಮಾದೇವ ಅಂದುಕೊಂಡ. ಪೂರ್ತಿ ಲೋಟ ಹಿಡಿದರೆ ತುಳುಕುತ್ತಿತ್ತು. ಬಲಗೈ ನಡುಗುತ್ತಿತ್ತು. ನಾನು ನೋಡಿದ್ದೇನೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ನಾನಾಗಿ ಕೇಳಲಿಲ್ಲ. ಇನ್ನೊಬ್ಬರು ಮುಚ್ಚಿಟ್ಟುಕೊಂಡದ್ದನ್ನು ಕೇಳುವುದು ನನಗೆ ಬರುವುದಿಲ್ಲ.

ಆ ಗೌರಿ ಹಬ್ಬಕ್ಕೆ, "ಕೂಸು, ನಿನ್ ಗಾಡೀಲೆ ಓಗವಾ," ಎಂದರು. ಅಷ್ಟು ವರ್ಷ ತಮ್ಮ ಹಳೆಯ ಜೀಪಿನಲ್ಲಿ ಒಬ್ಬರೇ ಹೋಗಿ ಬರುತ್ತಿದ್ದವರು. ಮಾಂಬಳ್ಳಿ ತಲುಪಿದಾಗ ಹತ್ತು ಗಂಟೆ. ಚಿಕ್ಕತಾಯಮ್ಮ ಎದುರುಗೊಂಡು, "ಬಾ ಅಣ್ಣಯ್ಯ, ನಿನ್ ಮಗಳು ಮಳೆಗಾಲವೆಲ್ಲ ಮಲಗವ್ಳೆ, ಎಬ್ಬಿಸು," ಎಂದು ಇಂಜಿನ್ ತೋರಿಸಿ ನಗಾಡಿ, ಕಾಫಿ ಕಾಯಿಸಲು ಮನೆಯ ಕಡೆ ಹೋದರು.

ಎಂಟು ವಾಲ್ವುಗಳು. ಏಳು ಆಗುವಷ್ಟರಲ್ಲಿ ಅವರ ಹಣೆ ಬೆವರಿತ್ತು. ಎಂಟನೆಯದರಲ್ಲಿ ಸ್ಕ್ರೂಡ್ರೈವರ್ ಗೀರಿನಿಂದ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು, ಆದರೆ ಕೈ ನಡುಗುತ್ತಲೇ ಇತ್ತು. ನಾನು ಕಾರ್ಡು ಎಳೆದುಕೊಂಡು ಮುಖ ತಿರುಗಿಸಿದೆ. ಕಬ್ಬಿನ ಸಿಪ್ಪೆಯ ಬಣವೆ ನೋಡುತ್ತಾ ನಿಂತೆ. ಅವರಿಗೆ ಮುಜುಗರವಾಗದಿರಲಿ ಎಂದು.

"ಆಯ್ತು," ಎಂದರು. ತಿರುಗಿ ನೋಡಿದಾಗ ನಟ್ಟು ಬಿಗಿಯಾಗಿತ್ತು. ಕಾರ್ಡು ಇನ್ನೊಮ್ಮೆ ಹಾಕಬೇಕಿತ್ತು. ಏಳಕ್ಕೂ ಹಾಕಿದ್ದೆ. ಆ ಗಳಿಗೆಯಲ್ಲಿ ಹಾಕಿದರೆ ನಿಮ್ಮ ಕೈ ನಂಬುವುದಿಲ್ಲ ಎಂದಂತಾಗುತ್ತದೆ ಅನ್ನಿಸಿತು. "ಆಯಿತು," ಎಂದು ನಾನೂ ಹೇಳಿ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ. ಎರಡು ನಿಮಿಷ ಓಡಿಸಿ ನೋಡಿದರು. ತಣ್ಣಗಿದ್ದ ಇಂಜಿನ್ ಚೆನ್ನಾಗಿಯೇ ಓಡಿತು. ಕಾಫಿ ಕುಡಿದು ಸಂತೇಮರಹಳ್ಳಿಗೆ ಹೊರಟೆವು.

ದೀಪಾವಳಿ ಕಳೆದು ಕಬ್ಬು ಕಡಿಯುವ ಹೊತ್ತಿಗೆ ಅವರು ಎದೆನೋವಿನಿಂದ ಮೈಸೂರಿನ ಆಸ್ಪತ್ರೆ ಸೇರಿದ್ದರು. ಮಾಂಬಳ್ಳಿಯಿಂದ ಫೋನು ಬಂತು. ಇಂಜಿನ್ ಬೆಳಿಗ್ಗೆ ಸರಿಯಾಗಿ ಏಳುತ್ತದೆ, ಅರ್ಧ ಗಂಟೆಯಲ್ಲಿ ಬಿಸಿಯಾದ ಕೂಡಲೇ ಏದುಸಿರು ಬಿಡುತ್ತದೆ, ಗಾಣ ಕಬ್ಬನ್ನು ಕಚ್ಚಿಕೊಂಡು ನಿಂತುಬಿಡುತ್ತದೆ. ಎರಡು ದಿನ ಒದ್ದಾಡಿದರಂತೆ. ಕಡಿದ ಕಬ್ಬು ಗಾಡಿಯಲ್ಲಿ ಒಣಗುತ್ತಿದ್ದಾಗ ಯಾರು ತಾನೆ ಕಾಯುತ್ತಾರೆ? ಅಲ್ಲಿಯ ಮೆಕ್ಯಾನಿಕ್ಕೊಬ್ಬ ಮುಚ್ಚಳವನ್ನೂ ಬಿಚ್ಚದೆ, ಇದರ ಕಾಲ ಮುಗಿಯಿತು, ಕರೆಂಟಿನ ಮೋಟಾರು ಹಾಕಿಸಿ ಎಂದ. ಹಾಕಿಸಿದರು. ಇಂಜಿನ್ನನ್ನು ಮೂಲೆಗೆ ಸರಿಸಿದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಅವರ ಹೆಂಡತಿ ನೀರು ತರಲು ಎದ್ದಾಗ ನನ್ನ ಕಡೆ ಹೊರಳಿದರು.

"ಕೂಸು, ಹಬ್ಬದ ದಿವ್ಸ ಮಾಂಬಳ್ಳೀಲಿ, ಕೊನೇದು. ಬಿಗಿ ಮಾಡುದ್ ಮ್ಯಾಲೆ ಕಾರ್ಡು ಆಕಿ ನೋಡ್ದಾ?"

ಫೋನಿನಲ್ಲಿ ಕೇಳಿದ ಲಕ್ಷಣಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಬಲಗೈ ಹೊದಿಕೆಯ ಮೇಲೆ ತನ್ನಷ್ಟಕ್ಕೆ ಅಲುಗುತ್ತಿತ್ತು.

"ನೋಡಿದೆ ದೊಡ್ಡಪ್ಪ. ಸರಿಯಿತ್ತು."

"ಸರಿ ಇತ್ತಾ?"

"ಹೂಂ."

ಸೂರಿನ ಕಡೆ ತಿರುಗಿ, "ಅಂಗಾದ್ರೆ ಇಂಜಿನ್ನೇ ಕೆಟ್ಟದೆ ಬುಡು," ಎಂದರು.

ಅವರು ಒಂದು ಇಂಜಿನ್ನಿನ ಮೇಲೆ ತಪ್ಪು ಹೊರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಗೆ ಹೇಳುವಂತೆ ಮಾಡಿದ್ದು ನನ್ನ ಸಭ್ಯತೆ. ನಾಳೆ ಬಂದು ನಿಜ ಹೇಳೋಣ, ನಾನೇ ಹೋಗಿ ಸರಿಮಾಡಿ ಬರುತ್ತೇನೆ ಎನ್ನೋಣ ಎಂದುಕೊಂಡೆ. ಆಂತರಿಕ ಪರೀಕ್ಷೆಗಳು ನಡೆಯುತ್ತಿದ್ದವು. ಎರಡು ದಿನ ಹೋಗಲಾಗಲಿಲ್ಲ. ಮೂರನೆಯ ದಿನ ಬಾಗಿಲವರೆಗೆ ಹೋದೆ, ನಿದ್ದೆ ಮಾಡುತ್ತಿದ್ದಾರೆ ಎಂದರು. ನಾಲ್ಕನೆಯ ದಿನ ತೀರಿಕೊಂಡರು.

ಹನ್ನೊಂದನೆಯ ದಿನದ ತಿಥಿಗೆ ಗುಜರಿಯ ಅಂಗಳದಲ್ಲೇ ಶಾಮಿಯಾನ ಹಾಕಿದ್ದರು. ಯಳಂದೂರಿನವರು ತಾವೇ ಬಂದು ಹಾಕಿದ್ದು. ಹನೂರಿನ ಗಿರಣಿಯವರು ಬಂದಿದ್ದರು, ನದಿ ದಡದ ತೋಟದವರು ಬಂದಿದ್ದರು. ಊಟದ ಪಂಕ್ತಿಯಲ್ಲಿ ಚಿಕ್ಕತಾಯಮ್ಮ ನನ್ನ ಪಕ್ಕ ಕೂತರು. ಎದುರು ಸಾಲಿನಲ್ಲಿ ಮಾದೇವ.

"ಅಣ್ಣಯ್ಯ ಕೊಟ್ಟಿದ್ದು ಒಂದೂ ಕೆಟ್ಟದ್ದಲ್ಲ ಕಣವ್ವ," ಎಂದರು ಚಿಕ್ಕತಾಯಮ್ಮ. "ನಮ್ಗೆ ಬಂದಿದ್ದೇ ಕೊನೆಗೆ ಇಂಗಾಯ್ತು. ಅವ್ರಿರಗಂಟ ಕರಗ್ಸಕ್ಕೆ ಕೊಡಕ್ಕೆ ಮನಸು ಬರ್ನಿಲ್ಲ. ಇನ್ನ್ಯಾಕೆ? ನಾಳಿಕ್ಕೆ ಬೆಳಿಗ್ಗೆ ಟೆಂಪೋ ಬತ್ತದೆ."

"ಓಗ್ಲಿ ಬುಡಕ್ಕ," ಎಂದ ಮಾದೇವ, ಅನ್ನಕ್ಕೆ ಸಾರು ಕಲಸುತ್ತಾ. ಅವನ ಕಣ್ಣು ಕೆಂಪಾಗಿತ್ತು. "ಕೊನೇಲಿ ವಯ್ಯನ ಕೈಯೂ ಸೋತಿತ್ತೋ ಏನೋ, ಅರ್ಧ ಲೋಟ ಟೀ ಹಿಡಿಯಕ್ಕೂ ಆಯ್ತಿರ್ನಿಲ್ಲ. ಹಬ್ಬದಲ್ಲಿ ನೋಡ್ದಾಗ ಒಳ್ಳೇದ್ಯಾವುದು ಕೆಟ್ಟದ್ಯಾವುದು ಅಂತ ತಿಳೀನಿಲ್ವೇನೋ."

ಸುತ್ತ ಇದ್ದವರು ಲೊಚಗುಟ್ಟಿದರು. ದೊಡ್ಡಪ್ಪನ ಹೆಂಡತಿ ಬಡಿಸುತ್ತಿದ್ದ ಸೌಟು ಒಂದು ಕ್ಷಣ ನಿಂತು ಮತ್ತೆ ಮುಂದಿನ ಎಲೆಗೆ ಹೋಯಿತು. ನಾನು ಎಲೆ ಮಡಿಸಿ ಕೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆ. ಮಾಂಬಳ್ಳಿಯ ಆಲೆಮನೆಯ ಮುಂದೆ ಟೆಂಪೋ ಆಗಲೇ ನಿಂತಿತ್ತು. ಇಬ್ಬರು ಇಂಜಿನ್ನಿಗೆ ಹಗ್ಗ ಬಿಗಿಯುತ್ತಿದ್ದರು. ಒಂದು ಗಂಟೆ ಕೊಡಿ ಎಂದು ಚಿಕ್ಕತಾಯಮ್ಮನನ್ನು ಕೇಳಿದೆ. "ಈಗೇನವ್ವ ಅದ್ರಲ್ಲಿ?" ಎಂದರು, ಆದರೂ ಟೆಂಪೋದವರಿಗೆ ಟೀ ತರಿಸಿದರು. ಮುಚ್ಚಳ ಬಿಚ್ಚಿದೆ. ಏಳು ಸರಿಯಿದ್ದವು. ಎಂಟನೆಯದರಲ್ಲಿ ಅಂತರವೇ ಇರಲಿಲ್ಲ. ಎರಡು ದಿನವಷ್ಟೇ ಓಡಿದ್ದರಿಂದ ವಾಲ್ವು ಸುಟ್ಟಿರಲಾರದು ಎಂದುಕೊಂಡು ಸರಿಮಾಡಿ, ನಟ್ಟು ಬಿಗಿದು, ಮತ್ತೆ ಅಳೆದು, ಮುಚ್ಚಳ ಹಾಕಿದೆ. ನನ್ನ ಕಾರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿ ಎಬ್ಬಿಸಿದೆ. ಗೊಣಗಿತು, ಎದ್ದಿತು. ಬಿಸಿಯಾಗಲಿ ಎಂದು ಕಾದೆವು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಸದ್ದು ಬದಲಾಗಲಿಲ್ಲ. ಚಿಕ್ಕತಾಯಮ್ಮ ಟೆಂಪೋದವನಿಗೆ ಕೈಯಾಡಿಸಿ ಹೋಗು ಎಂದರು. ಆಮೇಲೆ ನನ್ನ ಹತ್ತಿರ ಬಂದು, ಇಂಜಿನ್ನಿನ ಸದ್ದಿಗೆ ಮೇಲಾಗಿ ಕೂಗಿದರು.

"ಏನಾಗಿತ್ತವ್ವ ಇದ್ಕೆ?"

"ಒಂದು ಕಡೆ ಬಿಗಿಯಾಗಿತ್ತು."

"ಯಾರು ಅಂಗೆ ಬಿಗಿ ಮಾಡಿದ್ದು?"

"ನಾನು. ಗೌರಿ ಹಬ್ಬದ ದಿನ."

"ನೀನಾ? ಅಷ್ಟು ಓದಿರೋ ಎಣ್ಣು, ನೋಡಿ ಮಾಡಕ್ಕಾಯ್ತಿರ್ನಿಲ್ವಾ? ಒಂದು ಗಾಡಿ ಕಬ್ಬು ಒಣಗೋಯ್ತಲ್ಲಮ್ಮಿ ನಿನ್ನಿಂದ! ಇಂಜಿನ್ನ ಕೆಟ್ಟದ್ದು ಅಂತ ನಾನೂ ಅಂದ್ಬುಟ್ಟೆ, ಅಣ್ಣಯ್ಯನ್ನ ಇಡೀ ಪಂಕ್ತಿ ಆಡ್ಕಂಡ್ತು, ನೀನು ಪಕ್ಕದಲ್ಲೇ ಕೂತು ಉಣ್ತಿದ್ದೆ!"

"ಹೌದು."

"ಪಕ್ಕದಲ್ಲೇ ಅಂಥಾ ಕೈ ಇಟ್ಕಂಡು ನೀನ್ಯಾಕೆ ಮುಟ್ಟಕ್ಕೋದೆ? ಅವ್ರ ಕೈಲಿ ಮಾಡ್ಸಿದ್ರೆ ಇಂಗಾಯ್ತಿತ್ತಾ?"

"ಆಗುತ್ತಿರಲಿಲ್ಲ," ಎಂದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.